ಎಲ್ಮೆಟ್ಟಿನ ಕೂಸು, ತಲೆ ನೋಡುವ ದೊಡ್ಡವ್ವ

ನಮ್ಮ ದೊಡ್ಡವ್ವ ಇದುವರೆಗೂ ಯಾರ ಮುಖವನ್ನೂ ಸರಿಯಾಗಿ ನೋಡಿದವಳಲ್ಲ! ಹೀಗೆಂದ ಕೂಡಲೇ ಅವಳಿಗೆ ಗರ್ವವೆಂದೋ, ಕಣ್ಣಿಗೆ ಪೊರೆ ಬಂದಿದೆಯೆಂದೋ ತಿಳಿಯಬೇಡಿ. ಅವಳು ನೋಡುವುದು ತಲೆಯನ್ನು. ಅದೂ ಹಿಂಬದಿಯಿಂದ. ನೀವು ಹುಣಸೂರಿನ ಅವಳ ಮನೆಗೆ ಹೋದಿರಿ ಅನ್ನಿ. ‘ಬನ್ನಿ, ಕೂತ್ಕಳಿ’ ಎನ್ನುವ ಮೊದಲು ನಿಮ್ಮ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿ, ಹಿಂದಲೆಯನ್ನು ಕಣ್ಣಲ್ಲೇ ಅಳೆದು, ‘ಊಂ’ ಎಂದು ತಲೆಯಾಡಿಸಿದ ಮೇಲೇ ನಿಮಗೆ ಕಾಫಿ. ‘ಊಂ’ ಬರಲಿಲ್ಲವೋ, ಕಾಫಿಗೆ ಸಕ್ಕರೆ ಕಡಿಮೆ ಬಿತ್ತೆಂದೇ ಲೆಕ್ಕ!

ಆಕೆ ನನ್ನ ಅವ್ವನ ಅಕ್ಕ. ಮಕ್ಕಳಿಲ್ಲ, ಗಂಡ ಬೇಗ ತೀರಿಕೊಂಡರು. ಆದರೆ ಊರಿನ ಎಳೆಗೂಸುಗಳಿಗೆಲ್ಲ ನೀರು ಹಾಕುವ ಕೆಲಸವನ್ನು ಯಾರೂ ಕೊಡದೆಯೇ ತಾನೇ ವಹಿಸಿಕೊಂಡಿದ್ದಳು. ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಮೊಣಕೈ ಮೇಲೆ ಹನಿ ಹಾಕಿ ಹದ ನೋಡಿದ ಬಿಸಿನೀರು ಹೊಯ್ದು, ಕೊನೆಗೆ ಎರಡೂ ಅಂಗೈಯಿಂದ ಆ ಪುಟ್ಟ ತಲೆಯನ್ನು ಕುಂಬಾರ ಹಸಿಮಣ್ಣು ಸವರುವಂತೆ ಸವರುತ್ತಿದ್ದಳು. ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಓಡಾಡುವ ತಲೆಗಳಲ್ಲಿ ಅರ್ಧಕ್ಕರ್ಧ ತನ್ನವೇ ಎಂಬುದು ಅವಳ ವಾದ. ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಬುರುಡೆಯನ್ನು ಬೆರಳಲ್ಲಿ ಕುಟ್ಟಿ, “ಏನ್ಲಾ, ನೀನು ಆಚೆ ಬೀದಿ ಮೇಷ್ಟ್ರ ಎರಡನೇ ಮಗ ಅಲ್ವಾ?” ಎಂದುಬಿಟ್ಟಳು. ತಿರುಗಿದ ಮುಖದಲ್ಲಿ ಗೇಣುದ್ದದ ಮೀಸೆ! ಮಫ್ತಿಯಲ್ಲಿದ್ದ ಸಬ್‌ಇನ್ಸ್‌ಪೆಕ್ಟರು. ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿಯಿತು. ಅವರು ಮಾತ್ರ ಮೆತ್ತಗೆ, “ಹೂಂ ದೊಡ್ಡವ್ವ, ಹೆಂಗೆ ಗೊತ್ತಾಯ್ತು?” ಎಂದರು.

“ಎಂಗ್ ಗೊತ್ತಾಯ್ತು ಅಂದ್ರೆ? ನನ್ನ ಕೈಬರ ನಂಗೆ ಗುರ್ತಾಗಾಕಿಲ್ವಾ?”

ಹೆಬ್ಬೆಟ್ಟು ಒತ್ತುವ ಹೆಂಗಸಿನ ಕೈಬರಹ!

ನನ್ನನ್ನು ನೋಡಲು ಗಂಡಿನವರು ಬಂದಾಗಲೂ ಅಷ್ಟೇ. ಎಲ್ಲರೂ ಹುಡುಗನ ಓದು, ಕೆಲಸ ವಿಚಾರಿಸುತ್ತಿದ್ದರೆ ಇವಳು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಅವರ ಬೆನ್ನ ಹಿಂದೆ ನಿಂತುಬಿಟ್ಟಿದ್ದಳು. ಆಮೇಲೆ ಅಡುಗೆಮನೆಗೆ ಬಂದು, “ಒಪ್ಕೊ ಕಣೆ. ಮಕಕ್ಕೆ ಪೌಡರ್ ಬಳ್ಕಬೌದು, ತಲೆಗೆ ಏನ್ ಬಳ್ಕಂಡಾರು? ಚೆನ್ನಾಗದೆ,” ಎಂದಳು. ನನ್ನ ಮದುವೆಯಾದದ್ದು ನನ್ನ ಯಜಮಾನರ ಹಿಂದಲೆಯ ಜೊತೆ ಎಂದರೂ ನಡೆದೀತು.

ಇಂಥವಳ ಮನೆತನದಲ್ಲೇ, ಇಂಥವಳ ಕಣ್ಣೆದುರೇ, ನನ್ನ ಮಗನ ತಲೆ ಚಪ್ಪಟೆಯಾಗಬೇಕೇ!

ಅವನು ಅವಸರದವನು. ತಿಂಗಳು ತುಂಬುವ ಮೊದಲೇ ಹುಟ್ಟಿ, ಮೈಸೂರಿನ ಆಸ್ಪತ್ರೆಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಹಲವು ವಾರ ಮಲಗಿದ್ದ. ಮಲಗಿದ್ದಷ್ಟು ಕಾಲವೂ ಬಲಕ್ಕೇ ಮುಖ. ಮನೆಗೆ ಬಂದ ಮೇಲೂ ಕತ್ತು ಎಡಕ್ಕೆ ಹೊರಳುತ್ತಿರಲಿಲ್ಲ. ತೂಕ ಬರುವವರೆಗೆ ಎಣ್ಣೆನೀರು ಬೇಡ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ದೊಡ್ಡವ್ವ ಎರಡು ತಿಂಗಳು ಎಣ್ಣೆ ಬಟ್ಟಲು ಹಿಡಿದು ಬಾಗಿಲಲ್ಲೇ ಕಾದಳು. ಕೊನೆಗೆ ಅಪ್ಪಣೆ ಸಿಕ್ಕಿದ ದಿನ ಮಗುವನ್ನು ಕಾಲಮೇಲೆ ಹಾಕಿಕೊಂಡಳು. ನೀರು ಹಾಕುವಾಗ ಅವಳ ಬಾಯಿ ಸುಮ್ಮನಿದ್ದದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಅವತ್ತು ಅವಳ ಕೈ ಮಗುವಿನ ಹಿಂದಲೆಗೆ ಹೋಗಿದ್ದೇ, ಮಾತು ನಿಂತಿತು. ಮೈ ಒರೆಸಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟ ಮೇಲೆ, “ಬಲಗಡೆ ತಟ್ಟೆ ಆಗದೆ ಕಣೆ ಮಗ,” ಎಂದಳು.

ಸವರಿ ನೋಡಿದೆ. ಗೋಡೆಗೆ ಒತ್ತಿಟ್ಟ ಹಿಟ್ಟಿನ ಉಂಡೆಯ ಹಾಗೆ ಆ ಭಾಗ ಸಪಾಟಾಗಿತ್ತು. ಬಲಗಿವಿ ಒಂಚೂರು ಮುಂದಕ್ಕೆ ಸರಿದಿತ್ತು. ದಿನವೂ ಹಾಲು ಕುಡಿಸಿ, ಮುದ್ದಿಸಿ, ಅದೇ ಮಗ್ಗುಲಿಗೆ ಮಲಗಿಸಿದವಳು ನಾನೇ ತಾನೆ? ನಿದ್ದೆ ಮಾಡುತ್ತಾನಲ್ಲ, ಸದ್ಯ ಎಂದು ಖುಷಿಪಟ್ಟವಳೂ ನಾನೇ. ಹೆತ್ತ ತಾಯಿಗೆ ಕಾಣದ್ದು ಇನ್ನೊಬ್ಬರ ಕೈಗೆ ಕಂಡಿತ್ತು. ಬಚ್ಚಲ ಬಾಗಿಲಲ್ಲೇ ಕೂತು ಅತ್ತುಬಿಟ್ಟೆ.

ಆವತ್ತಿನಿಂದ ಶುರುವಾಯಿತು ನೋಡಿ, ದೊಡ್ಡವ್ವನ ಎಡಪಂಥ! ಸಾಸಿವೆ ತುಂಬಿದ ದಿಂಬು ಬಂತು. ತೊಟ್ಟಿಲು ದಿಕ್ಕು ಬದಲಿಸಿತು. ರೇಡಿಯೋ ಎಡಕ್ಕೆ, ಗಿಲಕಿ ಎಡಕ್ಕೆ. ಬಲಗೋಡೆಯ ದೇವರ ಕ್ಯಾಲೆಂಡರನ್ನೂ ಕಿತ್ತು ಎಡಗೋಡೆಗೆ ಹೊಡೆದು, “ದ್ಯಾವ್ರೇ ಈ ಕಡೀಕ್ ಬಂದವ್ರೆ, ನೀನ್ ತಿರುಗಾಕಿಲ್ವೇನ್ಲಾ?” ಎಂದು ಗದರಿದಳು. ದೇವರು ಬಂದರೂ ಅವನು ತಿರುಗಲಿಲ್ಲ. ಎಡಕ್ಕೆ ಬಾಗಿ ಬಾಗಿ ಅವನನ್ನು ಕರೆದು ನಮಗೆಲ್ಲ ಕತ್ತು ಉಳುಕಿತು, ಅಷ್ಟೇ.

ಮೈಸೂರಿನ ಡಾಕ್ಟರು ಕತ್ತಿಗೆ ವ್ಯಾಯಾಮ ಹೇಳಿಕೊಟ್ಟರು. ಕತ್ತು ಸಡಿಲವಾಯಿತು. ಚಪ್ಪಟೆ ಮಾತ್ರ ಹಾಗೇ ಉಳಿಯಿತು. ಆರು ತಿಂಗಳಾದಾಗ ಅವರು, “ಮಿದುಳಿಗೇನೂ ತೊಂದರೆ ಇಲ್ಲ. ಆದರೆ ಹಣೆಯೂ ಸ್ವಲ್ಪ ಓರೆಯಾಗುತ್ತಿದೆ. ಬೆಂಗಳೂರಲ್ಲಿ ಅಳತೆ ಕೊಟ್ಟು ಹೆಲ್ಮೆಟ್ ಮಾಡಿಸಬಹುದು. ದಿನಕ್ಕೆ ಇಪ್ಪತ್ತಮೂರು ಗಂಟೆ, ನಾಲ್ಕೈದು ತಿಂಗಳು. ಯೋಚನೆ ಮಾಡಿ,” ಎಂದರು.

ಮನೆಗೆ ಬಂದು ಹೇಳಿದರೆ ದೊಡ್ಡವ್ವ ಮಗುವನ್ನು ಮೇಲಿಂದ ಕೆಳಗೆ ನೋಡಿದಳು. “ಎಲ್ಮೆಟ್ಟಾ? ಯಾವ್ ಗಾಡಿ ಓಡುಸ್ತದೆ ಇದು?”

ಆದರೂ ಬೆಂಗಳೂರಿಗೆ ಹೊರಟ ದಿನ, ಯಾರೂ ಕರೆಯದಿದ್ದರೂ, ಅಕ್ಕಿರೊಟ್ಟಿಯ ಗಂಟು ಹಿಡಿದು ಬಸ್ಸಿನಲ್ಲಿ ಮೊದಲು ಕೂತಿದ್ದವಳು ಅವಳೇ. ಅಲ್ಲಿ ನಡುವಯಸ್ಸಿನ ಒಬ್ಬರು ಒದ್ದೆ ಪ್ಲಾಸ್ಟರ್ ಪಟ್ಟಿಯಿಂದ ತಲೆಯ ಅಚ್ಚು ತೆಗೆಯುತ್ತಿದ್ದರು. ಮಗು ಕಿರುಚಿ ಸೂರು ಹಾರಿಸುತ್ತಿತ್ತು. ದೊಡ್ಡವ್ವ ಅವರ ಹಿಂದೆ ಹೋಗಿ ನಿಂತಳು.

“ಯಾವತ್ನಿಂದ ಮಕ್ಳಿಗ್ ನೀರಾಕ್ತಿದ್ದೀರಪ್ಪ?”

“ನಾನು ನೀರು ಹಾಕಲ್ಲಮ್ಮ, ಅಳತೆ ತಗೋತೀನಿ.”

ಅವಳು ನನ್ನ ಕಿವಿಯಲ್ಲಿ ಗುಟ್ಟು ಹೇಳಿದಳು. ಅವಳ ಗುಟ್ಟು ಎಂದರೆ ಪಕ್ಕದ ಕೋಣೆಗೂ ಕೇಳುವಂಥದ್ದು! “ಇವನ ತಲೇನೇ ಸೋರೆಬುರುಡೆ ಇದ್ದಂಗದೆ ಕಣೆ. ಇವನು ನಮ್ ಕೂಸಿನ ತಲೆ ದುಂಡುಗ್ ಮಾಡ್ತನಾ?”

ಆ ಪುಣ್ಯಾತ್ಮರು ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ತಮ್ಮ ತಲೆ ಸವರಿಕೊಂಡು, “ಏನು ಮಾಡೋದಮ್ಮ, ನಿಮ್ಮಂಥೋರು ನಂಗೆ ಸಿಗಲಿಲ್ಲ,” ಎಂದರು. ಅಷ್ಟಕ್ಕೇ ಕರಗಿ ಅವರಿಗೆ ಎರಡು ರೊಟ್ಟಿ ಕೊಟ್ಟಳು.

ಹೆಲ್ಮೆಟ್ ಬಂತು. ಬಿಳಿ ಬಣ್ಣ, ಒಳಗೆ ಮೆತ್ತೆ, ಗಲ್ಲದ ಕೆಳಗೆ ಪಟ್ಟಿ. ಅದನ್ನು ಹಾಕಿಸಿಕೊಂಡು ಮೈಸೂರಿನಲ್ಲಿ ಹುಣಸೂರು ಬಸ್ ಹತ್ತಿದರೆ, ಎಲ್ಲರ ಕಣ್ಣೂ ನನ್ನ ಮಡಿಲ ಮೇಲೆ. ‘ಅಯ್ಯೋ ಪಾಪ’ ಎನ್ನುವವರು ಒಬ್ಬರು, ‘ತಲೆಯೊಳಗೆ ನೀರಂತೆ’ ಎಂದು ಕಾಯಿಲೆಗೆ ಹೆಸರಿಟ್ಟವರು ಇನ್ನೊಬ್ಬರು. ನಾನು ಸೆರಗು ಮುಚ್ಚುತ್ತಾ ಮುಚ್ಚುತ್ತಾ ಕುಗ್ಗಿಹೋದೆ. ಟಿಕೆಟ್ ಹರಿಯಲು ಬಂದ ಕಂಡಕ್ಟರ್, “ಏನಕ್ಕಾ, ಈಗ್ಲಿಂದ್ಲೇ ಬೈಕ್ ಕಲುಸ್ತಿದ್ದೀರಾ?” ಎಂದ.

ದೊಡ್ಡವ್ವ ಸೆರಗನ್ನು ಸರ್ರನೆ ಎಳೆದು ಮಗುವನ್ನು ಎತ್ತಿ ಹಿಡಿದಳು. “ಊಂ ಕಣಪ್ಪ, ನಿನ್ ಬಸ್ ಅತ್ತುಸ್ಬೇಕಿತ್ತಲ್ಲ, ಅದಕ್ಕೇ ಆಕಿದ್ದೀವಿ. ನೀನೂ ಒಂದ್ ಮಡಿಕ್ಕೊ!”

ಬಸ್ಸು ಗೊಳ್ಳೆಂದಿತು. ಡ್ರೈವರ್ ಕೂಡ ನಕ್ಕು ಗೇರು ತಪ್ಪಿಸಿದ. ಅವತ್ತಿನಿಂದ ನಾನು ಸೆರಗು ಮುಚ್ಚಲಿಲ್ಲ.

ಇಷ್ಟಾದರೂ ದೊಡ್ಡವ್ವನಿಗೆ ಆ ಹೆಲ್ಮೆಟ್ಟು ಸವತಿಯೇ. ನಮ್ಮ ಮನೆಯೂ ಹುಣಸೂರಿನಲ್ಲೇ, ನಾನು ಪಿರಿಯಾಪಟ್ಟಣದ ಸ್ಕೂಲಿನಲ್ಲಿ ಟೀಚರು. ನಾನು ಕೆಲಸಕ್ಕೆ ಹೋದಾಗ ಮಗು ಅವಳ ಸುಪರ್ದಿಗೆ. ಒಂದು ಸಂಜೆ ಬಂದು ನೋಡುತ್ತೇನೆ, ಮಗ ಬರಿದಲೆಯಲ್ಲಿ ಅವಳ ಮಡಿಲಲ್ಲಿ ಆಡುತ್ತಿದ್ದಾನೆ. ಹೆಲ್ಮೆಟ್ಟು ಮೂಲೆಯಲ್ಲಿದ್ದ ಬೂದುಗುಂಬಳಕಾಯಿಯ ತಲೆಯ ಮೇಲೆ ವಿರಾಜಮಾನವಾಗಿದೆ!

“ಇದೇನು ದೊಡ್ಡವ್ವ?”

“ಅದಾದ್ರೂ ದುಂಡಗಾಯ್ತದಾ ನೋಡಾನ ಅಂತ.”

ಈಗ ನಗು ಬರುತ್ತದೆ. ಆವತ್ತು ಬರಲಿಲ್ಲ. “ದಿನಾ ತೆಗೀತಿದ್ದೀಯಾ?” ಎಂದು ಕೂಗಿದೆ.

“ಕೂಸು ಬೆವುತದೆ ಕಣೆ. ನನ್ ಕೈ ಇಲ್ವಾ? ವಸಿ ವಸಿ ಸವುರ್ತಾ ಇವ್ನಿ…”

“ನಿನ್ನ ಕೈಯಲ್ಲಿ ಆಗೋ ಹಾಗಿದ್ದಿದ್ರೆ ನಾನ್ಯಾಕೆ ಬೆಂಗಳೂರಿಗೆ ಹೋಗ್ತಿದ್ದೆ? ನಿನ್ನ ಕೈಯ ಕಾಲ ಮುಗೀತು ದೊಡ್ಡವ್ವ!”

ಆಡಬಾರದಿತ್ತು. ಅವಳು ಕುಂಬಳಕಾಯಿಯಿಂದ ಹೆಲ್ಮೆಟ್ ತೆಗೆದು, ಒರೆಸಿ, ಮಗುವಿಗೆ ಹಾಕಿ, ಪಟ್ಟಿ ಬಿಗಿದಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು.

ಮೂರು ದಿನ ಬರಲಿಲ್ಲ. ನಾನು ರಜೆ ಹಾಕಿ ಮಗುವಿನ ಜೊತೆ ಕೂತೆ. ಎರಡು ಸಲ ಅವಳ ಬಾಗಿಲವರೆಗೆ ಹೋಗಿ, ವಾಪಸು ಬಂದೆ. ನಾಲ್ಕನೇ ದಿನ ಬೆಳಿಗ್ಗೆ ಅವಳೇ ಬಂದಳು. ಕೈಯಲ್ಲಿ ಒಂದು ಟೈಂಪೀಸು. ಬಂದವಳೇ, “ನೆನ್ನೆ ಮೈಸೂರ್ಗೆ ಓಗಿದ್ದೆ, ಡಾಕುಟ್ರು ತಾವ,” ಎಂದಳು. ಒಬ್ಬಳೇ ಹೋಗಿ, ಚೀಟಿ ಮಾಡಿಸಿ, ಸಾಲಿನಲ್ಲಿ ಕೂತಿದ್ದಳಂತೆ. ಚೀಟಿ ಬರೆಯುವಾಕೆ ‘ಏನಮ್ಮ ಕಾಯಿಲೆ?’ ಎಂದು ಕೇಳಿದ್ದಕ್ಕೆ ಇವಳು ಹೇಳಿದ್ದು: “ಅನುಮಾನ.”

ಡಾಕ್ಟರು ಒಂದು ಕಾಗದದ ಮೇಲೆ ಚಿತ್ರ ಬರೆದು ಹೇಳಿದ್ದಾರೆ.

“ಅದು ಒತ್ತಾಕಿಲ್ವಂತೆ ಕಣೆ!” ಎಂದಳು ಬೆರಗಿನಿಂದ. “ಎಲ್ಲಿ ತಟ್ಟೆ ಆಗದೋ ಅಲ್ಲಿ ಒಳಗೆ ಜಾಗ ಬುಟ್ಟವ್ರಂತೆ. ತಲೆ ತಾನೇ ಬೆಳ್ಕಂಡು ಆ ಜಾಗುಕ್ ಬತ್ತದಂತೆ. ನಾವು ಕಾಯಬೇಕಂತೆ, ಅಸ್ಟೇಯ. ಮೊದ್ಲೇ ಅಂಗಂತ ಯೋಳಿದ್ರೆ ಆ ಕುಂಬ್ಳಕಾಯ್ಗೆ ಯಾಕ್ ತ್ರಾಸ ಕೊಡ್ತಿದ್ದೆ?”

“ದೊಡ್ಡವ್ವ, ಆವತ್ತು ನಾನು…”

“ಬುಡು ಬುಡು, ಟೈಮಾಯ್ತದೆ. ನೀರ್ ಕಾಯ್ದದಾ?”

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಟೈಂಪೀಸಿನ ಸರ್ಕಾರ. ಅಕ್ಷರ ಬಾರದಿದ್ದರೂ ಗಡಿಯಾರದ ಮುಳ್ಳು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಹೆಲ್ಮೆಟ್ ಇಲ್ಲದ ಆ ಒಂದು ಗಂಟೆ ಅವಳದು. ಎಣ್ಣೆ, ನೀರು, ಹಾಡು. ಹೆಲ್ಮೆಟ್ಟನ್ನೂ ತೊಳೆದು ನೆರಳಲ್ಲಿ ಆರಿಸುವಳು. ಉದ್ದ ಮುಳ್ಳು ಸುತ್ತು ಮುಗಿಸುವ ಮೊದಲು ಪಟ್ಟಿ ಬಿಗಿಯಬೇಕು. ಒಮ್ಮೆ ನನ್ನ ಯಜಮಾನರು ಮಗನ ಬರಿದಲೆಗೆ ಮುತ್ತು ಕೊಡುತ್ತಾ ನಿಂತರೆ, “ಏನ್ ಅಳಿಯಂದ್ರೇ, ಮಿಕ್ಕಿದ್ ಮುತ್ತು ನಾಳೀಕ್ ಮಡಿಕ್ಕಳಿ!” ಎಂದು ಮಗುವನ್ನು ಕಸಿದುಕೊಂಡಳು.

ಆ ಚಳಿಗಾಲಕ್ಕೆ ಸ್ವೆಟರ್ ಕೊಳ್ಳಲು ಬೈಲಕುಪ್ಪೆಗೆ ಹೋಗಿದ್ದೆವು. ಅಂಗಡಿಯ ಟಿಬೆಟನ್ ಅಜ್ಜಿ, “ಪಾಪು ತಲೆ ಏನಾಯ್ತು?” ಎಂದರು. ದೊಡ್ಡವ್ವ, ಡಾಕ್ಟರು ಬರೆದ ಚಿತ್ರವನ್ನು ತಾನೇ ಗಾಳಿಯಲ್ಲಿ ಬರೆದು ವಿವರಿಸಿ, ಹಾಗೇ ಅಜ್ಜಿಯ ಹಿಂದಕ್ಕೂ ಒಂದು ಸುತ್ತು ಹೋಗಿ ಬಂದಳು. “ನಿಮ್ಗೆ ಯಾರೋ ಸೆಂದಾಗ್ ನೀರಾಕವ್ರೆ.”

ಅಜ್ಜಿ ನಕ್ಕರು. “ನಮ್ಮೂರು ಭಾಳ ಚಳಿ. ನೀರು ಇಲ್ಲ. ಅಮ್ಮ ಬೆಣ್ಣೆ ಹಾಕಿದ್ದು.”

“ಬೆಣ್ಣೆ!” ದೊಡ್ಡವ್ವ ದಾರಿಯುದ್ದಕ್ಕೂ ಅದನ್ನೇ ಧ್ಯಾನಿಸಿದಳು. ಮಾರನೇ ದಿನ ನಮ್ಮ ರೊಟ್ಟಿಗೆ ಬೆಣ್ಣೆ ಇರಲಿಲ್ಲ. ಯಾರ ಮೈಮೇಲಿತ್ತೆಂದು ಬೇರೆ ಹೇಳಬೇಕೇ?

ಐದನೆಯ ತಿಂಗಳಿಗೆ ಹೆಲ್ಮೆಟ್ ಇಳಿಯಿತು. ಡಾಕ್ಟರು ಅಳೆದು, “ಪೂರ್ತಿ ಅಲ್ಲ, ಆದರೆ ತುಂಬಾ ಚೆನ್ನಾಗಿದೆ,” ಎಂದರು. ದೊಡ್ಡವ್ವ ಅವರ ಟೇಪನ್ನು ನಂಬದೆ ಅಂಗೈಯಿಂದ ಎರಡು ಸಲ ನೋಡಿ, “ಪಸ್ಟ್ ಕ್ಲಾಸ್ ಅಲ್ಲ. ಪಾಸು,” ಎಂದು ತೀರ್ಪು ಕೊಟ್ಟಳು. ಡಾಕ್ಟರು ಎದ್ದುನಿಂತು ಕೈಮುಗಿದರು.

ಮಾರನೇ ವರ್ಷ ಯಾರದೋ ಮನೆಯ ಬಚ್ಚಲಲ್ಲಿ, ಆಗಷ್ಟೇ ನೀರು ಹಾಕಿದ ಕೂಸನ್ನು ಎತ್ತಿಕೊಂಡು ಏಳುವಾಗ ದೊಡ್ಡವ್ವ ಜಾರಿದಳು. ಕೂಸನ್ನು ಮೇಲೆತ್ತಿ ಹಿಡಿದೇ ಬಿದ್ದಳಂತೆ. ಕೂಸಿಗೆ ಗೀರೂ ಬೀಳಲಿಲ್ಲ. ಇವಳ ಬಲಗೈ ಮಣಿಕಟ್ಟು ಮುರಿಯಿತು. ಕೈಗೆ ಕಟ್ಟು ಹಾಕಿಸಿಕೊಂಡವಳನ್ನು ನಮ್ಮ ಮನೆಗೆ ಕರೆತಂದೆ. ಎರಡು ವಾರ ತಲೆಗೆ ನೀರೇ ಬೇಡವೆಂದು ಹಟ ಮಾಡಿದಳು. ಆಮೇಲೆ ತುರಿಕೆ ತಡೆಯಲಾರದೆ ಒಪ್ಪಿದಳು. ಅಷ್ಟು ಜನಕ್ಕೆ ನೀರು ಹಾಕಿದವಳಿಗೆ, ನನಗೆ ತಿಳಿದಂತೆ, ಯಾರೂ ನೀರು ಹಾಕಿರಲಿಲ್ಲ.

ಮಣೆಯ ಮೇಲೆ ಕೂರಿಸಿ ಗಂಟು ಬಿಚ್ಚಿದೆ. ಕೂದಲಿಗೆ ಸೇರಿಸಿ ಕಟ್ಟಿದ್ದ ದಪ್ಪ ಚೌರಿ ಕೈಗೆ ಬಂತು. ಸೀಗೆಪುಡಿ ಹಚ್ಚುತ್ತಾ ನನ್ನ ಅಂಗೈ ಅವಳ ಹಿಂದಲೆಗೆ ಹೋಯಿತು. ನಿಂತಿತು.

ಸಪಾಟು. ಒಂದು ಕಡೆ ಮಾತ್ರ ಅಲ್ಲ, ಇಡೀ ಹಿಂದಲೆಯೇ ಹಲಗೆಯ ಹಾಗೆ.

“ಏನ್ ಉಡುಕ್ತಿದ್ದೀಯೆ?” ಎಂದಳು, ತಿರುಗದೆ. ನಾನು ಮತ್ತೆ ಸೀಗೆಪುಡಿ ತಿಕ್ಕತೊಡಗಿದೆ. ಅವಳೇ ಹೇಳಿದಳು. “ನಮ್ಮವ್ವ ನಾಟಿಗ್ ಓಯ್ತಿದ್ಲಲ್ಲ. ಬುಟ್ಟೀಲಿ ಅಂಗಾತ ಮನುಗ್ಸಿ ಬದೀನ್ ಮ್ಯಾಲ್ ಮಡುಗ್ತಿದ್ಲಂತೆ. ಬಗ್ಗಿದ್ ಸೊಂಟ ಎತ್ತಾಕ್ ಗದ್ದೆಯೋರು ಬುಡೋರಲ್ಲ ಆಗ. ನನ್ನ ಮಗ್ಗುಲ್ ತಿರುಗ್ಸಕ್ಕೆ ಯಾರಿದ್ರು? ನಿಮ್ಮವ್ವ ಉಟ್ಟೊತ್ಗೆ ನಂಗ್ ಏಳು ವರ್ಸ. ಅವಳ್ನ ಮಾತ್ರ ಗಳಿಗ್ಗೊಂದ್ ಕಿತ ತಿರುಗುಸ್ತಿದ್ದೆ. ಓಗಿ ಸವುರ್ ನೋಡು, ನಿಂಬೆಅಣ್ಣು. ಅದೇ ನನ್ ಮೊದಲ್ನೆ ಕೆಲ್ಸ.”

ಕಣ್ಣಿಗಿಳಿದ ಸೀಗೆಯನ್ನು ಎಡಗೈಯಿಂದ ಒರೆಸಿಕೊಂಡಳು. “ಅವ್ವುಂದೇನ್ ತಪ್ಪು ಬುಡು. ಯಾವ್ ತಾಯಿ ಬೇಕು ಅಂತ ಮಾಡ್ತಾಳೆ?”

ಆ ಮಾತು ಅವಳ ಅವ್ವನ ಬಗ್ಗೆ ಹೇಳಿದ್ದೋ ನನಗೆ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ಬೆನ್ನ ಹಿಂದೆ ನಿಂತಿದ್ದರಿಂದ ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಒಳ್ಳೆಯದಾಯಿತು.

“ಉಯ್ಯೆ ನೀರ್ನ, ತಣ್ಗಾಯ್ತದೆ,” ಎಂದಳು.

ಹಂಡೆಯಿಂದ ಚೆಂಬು ತುಂಬಿ, ನನ್ನ ಮೊಣಕೈ ಮೇಲೆ ಒಂದು ಹನಿ ಹಾಕಿ ಹದ ನೋಡಿ, ನಿಧಾನವಾಗಿ ಹೊಯ್ದೆ.