ಹಳದಿ ಕಣ್ಣು, ಕೆಂಪು ಹುಂಜ

ಮಾಸ್ತಪ್ಪನಿಗೆ ಹುಲಿಯ ಭಯವಿರಲಿಲ್ಲ, ಕ್ಯಾಪ್ಸೂಲಿನ ಭಯವಿತ್ತು. ಗಂಟಲು ನೋವಿಗೆಂದು ತೀರ್ಥಹಳ್ಳಿಯ ಡಾಕ್ಟರು ಕೊಟ್ಟ ಕ್ಯಾಪ್ಸೂಲು ಅವನ ಕಣ್ಣಿಗೆ ಹಲಸಿನ ಬೀಜದಷ್ಟು ದಪ್ಪ ಕಾಣುತ್ತಿತ್ತು. ಊಟವಾದ ಮೇಲೆ ಹೆಂಡತಿ ಗುತ್ಯಮ್ಮ ಕೈಗಿಟ್ಟರೆ, ಬಾಯಿಗೆ ಹಾಕಿದಂತೆ ಮಾಡಿ, ನೀರು ಕುಡಿದು, ಹಿತ್ತಲಿಗೆ ಹೋಗಿ ಬಸಳೆ ಬುಡಕ್ಕೆ ಎಸೆದು ಬರುತ್ತಿದ್ದ. ಆಮೇಲೆ ಅವಳು ಕೊಡುವ ಬಾಳೆಹಣ್ಣನ್ನು ಮಾತ್ರ ಎರಡೇ ತುತ್ತಿಗೆ ನುಂಗುತ್ತಿದ್ದ.

ಗಂಟಲು ವಾಸಿಯಾದರೆ ಮನೆಯ ಕೆಂಪು ಹುಂಜದ ಸಾರು, ಜೊತೆಗೆ ಕಡುಬು ಎಂದು ಮಾತಾಗಿತ್ತು. ವಾಸಿಯೂ ಆಯಿತು. ಆದರೆ ಹುಂಜ ಕೊಯ್ಯಬೇಕಾದ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಜಲಜಮ್ಮ ಬೇಲಿಯಾಚೆಯಿಂದ ಇವನ ಮುಖ ನೋಡಿದಳು.

"ಮಾಸ್ತಣ್ಣ, ಕಣ್ಣು ಎಂತಕ್ಕೆ ಹಂಗೆ? ಅರಿಶಿನದ ನೀರಲ್ಲಿ ಅದ್ದಿ ತೆಗ್ದಂಗೆ ಇದ್ಯಲ್ಲ."

"ನಿದ್ದೆ ಇಲ್ಲ ಮಾರಾಯ್ತಿ. ಮೈಯೆಲ್ಲ ತುರಿಕೆ."

"ಇದು ಕಾಮಾಲೆ. ಇನ್ನು ಹುಂಜ ಗಿಂಜ ಅಂತ ಬಾಯಿ ಬಿಡ್ಬೇಡ. ಉಪ್ಪು, ಎಣ್ಣೆ, ಮಾಂಸ ಎಲ್ಲ ಬಂದ್. ಹುಲಿಯಪ್ಪನ ಕರ್ಸ್ತೀನಿ. ತೋಳಿಗೆ ಒಂದು ಬರೆ ಎಳೆದ್ರೆ ಇಳೀತದೆ."

ನಾಟಿ ವೈದ್ಯ ಹುಲಿಯಪ್ಪ ಬಂದೇಬಿಟ್ಟ. ಜಲಜಮ್ಮನ ಒಲೆಯಲ್ಲಿ ಕಬ್ಬಿಣದ ಕಡ್ಡಿ ಕೆಂಪಗಾಗತೊಡಗಿತು. ಅದನ್ನು ಕಂಡ ಮಾಸ್ತಪ್ಪ ಚಪ್ಪಲಿ ಕೂಡ ಮೆಟ್ಟದೆ ಕೋಣಂದೂರು ಪೇಟೆಗೆ ಓಡಿ ತೀರ್ಥಹಳ್ಳಿ ಬಸ್ಸು ಹತ್ತಿದ. "ಮನೆ ಕಡೆ ನೋಡ್ಕೊಳೆ" ಎಂದು ಜಲಜಮ್ಮನಿಗೆ ಕೂಗಿ, ಗುತ್ಯಮ್ಮನೂ ಹಿಂದೆಯೇ ಓಡಿದಳು.

ಡಾಕ್ಟರು ಬರೆಯ ಕತೆಯನ್ನೆಲ್ಲ ಕೇಳಿ, ರೆಪ್ಪೆ ಎತ್ತಿ ನೋಡಿದರು. "ನಾನು ಕೊಟ್ಟ ಕ್ಯಾಪ್ಸೂಲಿನ ಕೆಲಸ ಇದು. ಕೆಲವರ ಮೈಗೆ ಒಗ್ಗೋದಿಲ್ಲ. ಲಿವರಿನ ಜೀವಕೋಶಕ್ಕೆ ಪೆಟ್ಟಾಗಿ, ಪಿತ್ತ ಕರುಳಿಗೆ ಹರಿಯೋದು ನಿಲ್ತದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಹೊಳೆ ಹಿಂದೆ ನುಗ್ಲಿಲ್ವಾ? ಹಾಗೇ ಪಿತ್ತ ರಕ್ತಕ್ಕೆ ನುಗ್ತದೆ. ಅದಕ್ಕೇ ಕಣ್ಣು ಹಳದಿ, ಮೈ ತುರಿಕೆ. ಕ್ಯಾಪ್ಸೂಲು ನಿಲ್ಲಿಸಿದ್ರೆ ತಾನಾಗೇ ಇಳೀತದೆ. ಬರೆಯೂ ಬೇಡ, ಪಥ್ಯವೂ ಬೇಡ."

"ಹುಂಜ?"

"ತಿನ್ನು. ಎಣ್ಣೆ ಕಮ್ಮಿ ಹಾಕ್ಸು."

ಮಾಸ್ತಪ್ಪನ ಮುಖ ಕಣ್ಣಿಗಿಂತ ಹೆಚ್ಚು ಹೊಳೆಯಿತು. ಅಷ್ಟರಲ್ಲಿ ಡಾಕ್ಟರು, "ಕ್ಯಾಪ್ಸೂಲು ತಗೊಂಡಿದ್ರಿಂದ ಕಾರಣ ಗೊತ್ತಾಯ್ತು. ಇಲ್ದಿದ್ರೆ ಬೇರೆ ಏನೋ ರೋಗ ಅಂತ ಆಸ್ಪತ್ರೆಗೆ ಸೇರಿಸ್ಬೇಕಿತ್ತು" ಎಂದರು.

ಸುಮ್ಮನಿದ್ದರೆ ಹುಂಜ ಸಿಕ್ಕೀತು, ಜೀವ ಹೋದೀತು. ಮಾಸ್ತಪ್ಪ ನಿಜ ಹೇಳಿಬಿಟ್ಟ.

"ಡಾಕ್ಟ್ರೇ, ನಾನು ಒಂದೂ ನುಂಗಿಲ್ಲ. ಎಲ್ಲ ಬಸಳೆ ಬುಡಕ್ಕೆ ಎಸೆದೆ."

ಡಾಕ್ಟರ ಪೆನ್ನು ನಿಂತಿತು. ಗುತ್ಯಮ್ಮ ಸೆರಗಿನ ತುದಿ ತಿರುವುತ್ತ ನಿಧಾನಕ್ಕೆ ಹೇಳಿದಳು.

"ನುಂಗಿದಾರೆ ಡಾಕ್ಟ್ರೇ. ಇವ್ರು ಎಸೆಯೋದು ಮೊದ್ಲ ದಿನವೇ ಕಂಡಿದ್ದೆ. ಆ ಎಸೆದ ಒಂದನ್ನೇ ದಿನಾ ಹೆಕ್ಕಿ ತಂದು ಇವ್ರ ಕೈಗೆ ಇಡ್ತಿದ್ದೆ. ಉಳಿದದ್ದನ್ನೆಲ್ಲ ನಮ್ಮ ಎಮ್ಮೆಗೆ ಔಷಧಿ ಕೊಟ್ಟಂಗೆ ಬಾಳೆಹಣ್ಣಿನೊಳಗೆ ಇಟ್ಟು ಕೊಟ್ಟೆ. ಒಂದು ಹೊತ್ತೂ ತಪ್ಪಿಸಿಲ್ಲ."

ಡಾಕ್ಟರು ನಕ್ಕ ನಗೆಗೆ ಕನ್ನಡಕ ಮೇಜಿಗೆ ಬಿತ್ತು. ಎಮ್ಮೆಯ ಸಾಲಿಗೆ ಸೇರಿದರೂ ಮಾಸ್ತಪ್ಪನಿಗೆ ಬೇಸರವಾಗಲಿಲ್ಲ. ಜೀವವೂ ಉಳಿಯಿತು, ಹುಂಜದ ಸಾರೂ ಉಳಿಯಿತು.

ಸಂಜೆ ಬಸ್ಸಿಳಿದು ಮನೆಯ ತಿರುವಿಗೆ ಬಂದಾಗ ಸಾರಿನ ಘಮ ಎದುರುಗೊಂಡಿತು. ಜಗಲಿಯ ಮೇಲೆ ಹುಲಿಯಪ್ಪ ಬೆರಳು ನೆಕ್ಕುತ್ತಿದ್ದ.

"ಬಂದ್ರಾ?" ಎಂದಳು ಜಲಜಮ್ಮ. "ಹುಂಜ ಕಣ್ಣೆದುರು ಓಡಾಡಿದ್ರೆ ಪಥ್ಯ ಮಾಡೋದು ಹ್ಯಾಂಗೆ ಅಂತ ನಾನೇ ಕೊಯ್ಸಿದೆ. ಹುಲಿಯಪ್ಪನ್ನ ಹಸ್ಕೊಂಡು ಕಳ್ಸೋಕಾಗ್ತದಾ? ನಿಂಗೆ ಉಪ್ಪಿಲ್ದ ಕಡುಬು ಬೇರೆ ಇಟ್ಟೀನಿ."

ಮಾಸ್ತಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಪಾಪ ಎನಿಸಿ ಗುತ್ಯಮ್ಮ ಒಂದು ಬಾಳೆಹಣ್ಣು ತಂದುಕೊಟ್ಟಳು.

ಅವನು ಅದನ್ನು ಸುಲಿದು, ಉದ್ದಕ್ಕೆ ಸೀಳಿ, ಲಾಟೀನಿನ ಬೆಳಕಿಗೆ ಹಿಡಿದು ನೋಡಿ, ಆಮೇಲೆ ತಿಂದ.