ತಂಗಳ ನೀರಿನ ಜಹಗೀರದಾರರಿಗೊಂದು ತಕರಾರು

ಗುಡಗೇರಿ,
ಏಪ್ರಿಲ್ 1986

ನಮ್ಮ ಅಡುಗೆಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ಬಿಜಯಂಗೈದಿರುವ, ನಾಲ್ಕು ಕಾಲು, ಒಂದು ಬಾಲ ಹಾಗೂ ಕುತ್ತಿಗೆಯ ಸುತ್ತ ಉಸಿರಾಡುವ ಆರು ಗರಿಗಳ ಒಡೆಯರಾದ, ಮೆಕ್ಸಿಕೋ ಮೂಲದ ಜಲಚರ ಶ್ರೀಮಾನ್ ಆಕ್ಸೊಲಾಟಲ್ ಅವರ ಸನ್ನಿಧಿಗೆ, ಅದೇ ಮನೆಯಲ್ಲಿ ಸೆಕೆಯಿಂದ ಬೇಯುತ್ತಿರುವ ಹೈಸ್ಕೂಲ್ ವಿಜ್ಞಾನ ಶಿಕ್ಷಕ ಗುಲಾಮಹುಸೇನನ ಅನಂತ ಸಲಾಮುಗಳು.

ಮಾನ್ಯರೇ,

ಇತ್ತ ನಾವು ಕ್ಷೇಮ. ಅತ್ತ, ಅಂದರೆ ನಾನು ಕುಳಿತಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ತಾವೂ ಕ್ಷೇಮವಾಗಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ಆದರೂ ಮಾತಾಡಿದರೆ ತಾವು ಉತ್ತರ ಕೊಡುವವರಲ್ಲವಾದ್ದರಿಂದ, ನನ್ನ ತಕರಾರುಗಳನ್ನು ಊರವರೆಲ್ಲ ಓದುವಂತೆ ಬರೆದು ಹಗುರಾಗುತ್ತಿದ್ದೇನೆ.

ಮುಂಬಯಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿರುವ ನನ್ನ ಭಾವಮೈದುನ ಬಾಬಾಸಾಬ, ತಮ್ಮನ್ನು ಹಾಲಿನ ಕ್ಯಾನಿನಲ್ಲಿ ಕೂರಿಸಿ ರೈಲಿನಲ್ಲಿ ಕರೆತಂದದ್ದು ಡಿಸೆಂಬರಿನಲ್ಲಿ. ಅದಕ್ಕೂ ಒಂದು ತಿಂಗಳು ಮೊದಲೇ ತಮ್ಮ ಬಿಡಾರದ ಷರತ್ತುಗಳ ಕಾಗದ ಬಂದಿತ್ತು. ತಮಗೆ ಬಿಸಿಲು ಆಗದು, ರಭಸದ ನೀರು ಆಗದು, ಅಡಗಿ ಕೂರಲು ಏಕಾಂತ ಬೇಕು, ತಳದಲ್ಲಿ ಹರಳು ಕಂಡರೆ ಊಟವೆಂದು ನುಂಗಿಬಿಡುತ್ತೀರಿ. ಗಾಜಿನ ತೊಟ್ಟಿ ನಮ್ಮ ಬೇಸಿಗೆಯಲ್ಲಿ ಒಲೆಯ ಮೇಲಿನ ಪಾತ್ರೆಯಾದೀತೆಂದು ನಾನು ಕುಂಬಾರರಿಂದ ಅಗಲ ಬಾಯಿಯ ಮಣ್ಣಿನ ಬಾನಿ ತರಿಸಿ, ಹಸಿ ಉಸುಕಿನಲ್ಲಿ ಅರ್ಧ ಹೂತು, ಸುತ್ತ ಒದ್ದೆ ಗೋಣಿತಟ್ಟು ಸುತ್ತಿ, ಒಳಗೆ ಮಾಳಿಗೆಯ ಹಂಚೊಂದನ್ನು ಗವಿಯಂತೆ ನಿಲ್ಲಿಸಿದೆ. ಕುಡಿಯುವ ನೀರಿನ ಹರವಿ ಇದ್ದ ಜಾಗವದು. ಹರವಿ ಪಡಸಾಲೆಗೆ ಹೋಯಿತು, ನಾವು ಬೆಚ್ಚಗಿನ ನೀರು ಕುಡಿಯತೊಡಗಿದೆವು.

ಎಲ್ಲಕ್ಕಿಂತ ವಿಚಿತ್ರವಾದ ಷರತ್ತೆಂದರೆ ನೀರು ಹಳೆಯದಾಗಿರಬೇಕು ಎಂಬುದು. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ನೆಲೆಯೂರಿ ಮಾನ್ಯರ ಹೊಲಸನ್ನು ಜೀರ್ಣಿಸಿಕೊಳ್ಳುತ್ತವಂತೆ. ಹೀಗಾಗಿ ಬಾನಿಯನ್ನು ತಿಕ್ಕಕೂಡದು, ವಾರಕ್ಕೊಮ್ಮೆ ಕಾಲುಭಾಗ ನೀರು ಮಾತ್ರ ಬದಲಿಸತಕ್ಕದ್ದು. ಈ ಪಾಠವನ್ನು ನಾನು ಒಂಬತ್ತನೆಯ ವರ್ಗದ ಎರಡೂ ವಿಭಾಗಗಳಿಗೆ ಚಿತ್ರ ಬರೆದು ಬೋಧಿಸಿದೆ. ಮನೆಯಲ್ಲಿ ಬೋಧಿಸಲು ಮರೆತೆ.

ನನ್ನ ಹೆಂಡತಿ ಖಾಸಿಂಬಿ ಮೊದಲ ವಾರ ತಮ್ಮ ಮೂಲೆಯತ್ತ ಸುಳಿಯಲಿಲ್ಲ. ಪಕ್ಕದ ಮನೆಯ ಕರಿಸಿದ್ದಪ್ಪನವರಂತೂ ತಮ್ಮನ್ನು ಬಗ್ಗಿ ನೋಡಿ, ಕಪ್ಪೆಯಾಗಲು ಒಲ್ಲದೆ ಅದೇ ವರ್ಗದಲ್ಲಿ ಕುಳಿತು ಮುದುಕನಾದ ಮರಿ ಎಂದು ತೀರ್ಪಿತ್ತರು. ಅಂಥ ವಿದ್ಯಾರ್ಥಿಗಳು ನನಗೆ ಹೊಸಬರಲ್ಲ, ಆದರೆ ಅವರಾರೂ ನನ್ನ ಹೆಂಡತಿಯ ಮನಸ್ಸು ಕದ್ದಿರಲಿಲ್ಲ. ಸಂಕ್ರಮಣ ಕಳೆಯುವಷ್ಟರಲ್ಲಿ ಆಕೆ ಬಚ್ಚಲ ಹಿಂದಿನ ಬಾಳೆಯ ಬುಡ ಕೆದರಿ ಎರೆಹುಳು ತಂದು ತಮಗೆ ಉಣಿಸುತ್ತ, ನನ್ನನ್ನು ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಕೇಳದ ದನಿಯಲ್ಲಿ, ಊಟ ಸೇರಿತೇ ಎಂದು ವಿಚಾರಿಸತೊಡಗಿದಳು.

ಆ ಅಕ್ಕರೆಯೇ ತಮಗೆ ಮುಳುವಾಯಿತು. ನಿನ್ನೆಯ ನೀರು ಎಂದರೆ ತಂಗಳ ನೀರು. ಬೆಳಗಾದರೆ ಅದನ್ನು ಚೆಲ್ಲಿ ಕೊಡ ತಿಕ್ಕಿ ಹೊಸ ನೀರು ತುಂಬದ ಮನೆ ನಮ್ಮ ಓಣಿಯಲ್ಲಿಲ್ಲ. ಮಗನಂಥ ಅತಿಥಿ ಮೂರು ತಿಂಗಳ ತಂಗಳ ನೀರಿನಲ್ಲಿ ಕೂತಿರುವುದು ಆಕೆಗೆ ಹೇಗೆ ಸಹನೆಯಾದೀತು? ಕಳೆದ ತಿಂಗಳ ಒಂದು ಗುರುವಾರ, ನಾನು ಪರೀಕ್ಷೆಯ ಕಾವಲಿಗೆ ಹೋಗಿದ್ದಾಗ, ತಮ್ಮನ್ನು ಹಿತ್ತಾಳೆಯ ಬೋಗುಣಿಗೆ ವರ್ಗಾಯಿಸಿ, ಬಾನಿಯನ್ನು ಬೂದಿ ಹುಣಸೆಹಣ್ಣು ಹಾಕಿ ತಳ ಮಿಂಚುವಂತೆ ತಿಕ್ಕಿ, ಕೆರೆಯ ಹೊಸ ನೀರು ತುಂಬಿ, ರಾಡಿ ಇಳಿಯಲೆಂದು ಪಟಿಕದ ಹರಳನ್ನು ಏಳು ಸುತ್ತು ತಿರುವಿದಳು.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ, ಮಾನ್ಯರೇ. ಮರುದಿನ ತಮ್ಮ ಗರಿಗಳು ಮುದುಡಿ ಮುಂದಕ್ಕೆ ಬಾಗಿದ್ದವು. ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹುಳು ಮೂಗಿನ ಮುಂದೆ ಕುಣಿದರೂ ಬಾಯಿ ತೆರೆಯಲಿಲ್ಲ. ಅಂಥ ಹೊತ್ತಿನಲ್ಲೂ ತಾವು, ಹುಟ್ಟಿನಿಂದಲೇ ನಗುವಿನ ಆಕಾರಕ್ಕೆ ಬಾಗಿದ ಆ ಬಾಯಿಯಿಂದ, ನಗುತ್ತಿದ್ದಿರಿ. ಸಾಯುವವರು ಕೊಂಚ ಮುಖ ಸಪ್ಪಗೆ ಮಾಡಿಕೊಳ್ಳುವುದು ಎಲ್ಲ ಕಡೆಯೂ ಇರುವ ಮರ್ಯಾದೆ. ತಮ್ಮ ನಗುವನ್ನು ನಂಬಿ ಖಾಸಿಂಬಿ ಮಧ್ಯಾಹ್ನದವರೆಗೂ ಹೊಸ ನೀರು ಮೆಚ್ಚುಗೆಯಾಗಿದೆಯೆಂದೇ ತಿಳಿದಿದ್ದಳು.

ನಾನು ಬಂದು ಹಳೆಯ ನೀರಿನ ಪಾಠ ಹೇಳಿದೆ. ಆಕೆ ಪೂರ್ತಿ ಕೇಳಲಿಲ್ಲ. ಕೊಡವೆತ್ತಿಕೊಂಡು ನೇರ ಕರಿಸಿದ್ದಪ್ಪನವರ ಹಿತ್ತಲಿಗೆ ನಡೆದಳು. ಅಲ್ಲಿ ಬೇವಿನ ಮರದಡಿ, ಅವರು ಎಮ್ಮೆ ಮಾರಿದಂದಿನಿಂದ ಯಾರೂ ಮುಟ್ಟದ, ಪಾಚಿ ಕಟ್ಟಿದ, ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿಯೊಂದಿದೆ. ಸೊಳ್ಳೆಗಳ ತವರುಮನೆಯೆಂದು ಎರಡು ವರ್ಷದಿಂದ ಆಕೆ ಅದರ ಮೇಲೆ ಜಗಳ ಹೂಡಿದ್ದಳು.

"ಕಾಕಾ, ನಿಮ್ಮ ದೋಣ್ಯಾಗಿನ ನೀರು ನಾಕ ಕೊಡ ಬೇಕಾಗಿತ್ರಿ," ಅಂದಳು.

ಕರಿಸಿದ್ದಪ್ಪನವರು ಬಾಯೊಳಗಿನ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿದರು. "ಯವ್ವಾ, ಇದನ್ನ ಚೆಲ್ಲಲಿಲ್ಲಂದ್ರ ಪಂಚಾಯ್ತಿಗೆ ಅರ್ಜಿ ಕೊಡ್ತೀನಿ ಅಂದಾಕಿ ನೀನ ಹೌದಲ್ಲ?"

"ನಾನ ರೀ. ಈಗ ಚೆಲ್ಲಬ್ಯಾಡ್ರಿ, ನಮ್ಮ ಹುಡುಗ ಸಾಯಾಕತ್ತಾನ."

ಹಿರಿಯರು ತಲೆಯ ರುಮಾಲು ಬಿಚ್ಚಿ ನಾಲ್ಕು ಮಡಿಕೆ ಮಾಡಿ, ನೆರಳಲ್ಲಿ ತಣ್ಣಗಿದ್ದ ಆ ಹಸಿರು ನೀರನ್ನು ಖುದ್ದಾಗಿ ಸೋಸಿ ತುಂಬಿಕೊಟ್ಟರು. ಎರಡು ದಿನ ಆಕೆ ಬಾನಿಯ ಪಕ್ಕದಲ್ಲಿ ಕುಳಿತು ಗೋಣಿತಟ್ಟಿಗೆ ನೀರು ಚಿಮುಕಿಸುತ್ತ, ತಮ್ಮ ಹತ್ತಿರ ಏನೇನೋ ತಪ್ಪೊಪ್ಪಿಕೊಂಡಳು. ರವಿವಾರ ಸಂಜೆ ತಾವು ಒಂದು ಹುಳು ನುಂಗಿದಿರಿ. ನಮ್ಮ ಮನೆಯಲ್ಲಿ ಅಂದು ಒಲೆ ಹೊತ್ತಿತು.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಮುಂದೆ ಮೈಗೆ ಸರಿಯಿಲ್ಲದಾಗ ದಯಮಾಡಿ ಅಳುವುದನ್ನು ಕಲಿಯಿರಿ. ಅದು ಆಗದಿದ್ದರೆ ಕೆಮ್ಮಿರಿ. ಅದೂ ಆಗದಿದ್ದರೆ ನಗುವನ್ನಾದರೂ ಒಂದಿಷ್ಟು ಕಡಿಮೆ ಮಾಡಿರಿ. ಈ ಮನೆಯಲ್ಲಿ ಅದನ್ನು ನಂಬುವವರಿದ್ದಾರೆ.

ಮೂಲೆ ಬಿಟ್ಟುಕೊಟ್ಟರೂ ವಿಶ್ವಾಸ ಬಿಡದ, ತಮ್ಮ
ಗುಲಾಮಹುಸೇನ

ತಾ.ಕ.: ಈಗ ಗುರುವಾರ ಬಂದರೆ ಮನೆಯ ಸಕಲವೂ ಬೂದಿ ಹುಣಸೆಹಣ್ಣಿಗೆ ಬಲಿಯಾಗುತ್ತದೆ, ತಮ್ಮ ಬಾನಿಯೊಂದನ್ನು ಬಿಟ್ಟು. ಹಳೆಯದನ್ನು ಕದಡಬಾರದೆಂಬ ಈ ಶಾಸ್ತ್ರವನ್ನು ನನ್ನ ಪುಸ್ತಕದ ರಾಶಿಗೂ ಅನ್ವಯಿಸಬಾರದೇ ಎಂದು ನಿನ್ನೆ ಕೇಳಿದೆ. ಆಗಲೆಂದಳು, ನನ್ನ ಕುತ್ತಿಗೆಗೂ ಗರಿ ಮೂಡಿದ ದಿನ.