ಬಾಲ್ಕನಿಯಿಂದ ಒಂದು ಆಮೆನ್

ನಮ್ಮ ಮನೆತನದ ಗಂಡಸರು ಕೋಪ ಬಂದರೆ ತಟ್ಟೆ ಸರಿಸಿ ಎದ್ದುಹೋಗುತ್ತಾರೆ. ತಾತ ಹಾಗೆಯೇ, ಅಪ್ಪನೂ ಹಾಗೆಯೇ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಹಗಲು ಲೇತ್ ಮೆಷಿನ್ ಮುಂದೆ ನಿಂತು, ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಪಡೆದವನು. ಆದ್ದರಿಂದ ಡಿಗ್ರಿ ಪಡೆದು ಎದ್ದುಹೋಗುತ್ತಿದ್ದೆ.

ಒಂದು ದಿನ ನಮ್ಮ ಪುಟ್ಟ ಮಗಳು ಕೃಪಾ ಬೆಂಡೆಕಾಯಿ ಪಲ್ಯ ನೋಡಿ ತಟ್ಟೆ ಸರಿಸಿ ಎದ್ದಳು. ಥೇಟ್ ನನ್ನ ಭಂಗಿ.

"ನೋಡಿದ್ರಾ? ನಾಲ್ಕನೇ ತಲೆಮಾರು," ಎಂದಳು ಹೆಂಡತಿ ಸುಗುಣ.

ಹೆದರಿಕೆಯಾಯಿತು. ಮೊಣಕಾಲೂರಿ ಪ್ರಾರ್ಥಿಸಿದೆ. ಎರಡು ವಾರ ಬಡಿಸಿದ್ದೆಲ್ಲ ಉಂಡೆ. ಶಾಪ ಮುರಿಯಿತೆಂದು ನಂಬಿ, ದೇವರು ಮಾಡಿದ್ದನ್ನು ಸಭೆಯ ಮುಂದೆ ಸಾಕ್ಷಿ ಹೇಳಲೆಂದೇ ಫರೀದಾಬಾದಿನ ನಮ್ಮ ಮನೆಯಲ್ಲಿ ಕನ್ನಡದವರ ಪ್ರಾರ್ಥನಾ ಕೂಟ ಇಟ್ಟುಕೊಂಡೆ.

ಆಗಿನ್ನೂ ಇಲ್ಲಿಗೆ ಮೆಟ್ರೋ ಬಂದಿರಲಿಲ್ಲ. ನೋಯ್ಡಾದಿಂದ ಬಸ್ಸು ಬದಲಿಸಿ ಬಂದವರು ಹಸಿದಿದ್ದರು. ಕೋಳಿಸಾರಿನ ವಾಸನೆ ಹಾಲಿಗೂ ಬಂದಿತ್ತು. ನಾನು ಸಾಕ್ಷಿಯನ್ನು ತಾತನಿಂದ ಆರಂಭಿಸಿದೆ.

ಅಪ್ಪನವರೆಗೆ ಬರುವಷ್ಟರಲ್ಲಿ ಸಭೆಯ ಹಿರಿಯರಾದ ದೇವಪುತ್ರಪ್ಪನವರು ಗಡಿಯಾರ ನೋಡಿ, "ಸಹೋದರರೇ, ಮಿಕ್ಕಿದ್ದು ಊಟ ಆದ್ಮೇಲೆ ಕೇಳೋಣ್ವಾ?" ಎಂದರು.

"ಕರ್ತನು ನನ್ನ ಕೋಪ ಹೇಗೆ ತೆಗೆದ ಅನ್ನೋದೇ ಇನ್ನೂ ಬಂದಿಲ್ಲ."

"ಅದನ್ನ ಚಿಕ್ಕದಾಗಿ ಹೇಳ್ಬಿಡಿ."

ಯಾರೋ ನಕ್ಕರು.

"ಊಟಕ್ಕೆ ಬಂದವರು ಊಟ ಮಾಡಿ. ನನಗೆ ಬೇಡ," ಎಂದು ಬಾಲ್ಕನಿಗೆ ಹೋದೆ. ಹೋಗಿ ನಿಂತ ಮೇಲೆ ತಿಳಿಯಿತು, ನಾನು ಎದ್ದುಹೋಗಿದ್ದೇನೆಂದು. ತಿರುಗಿ ಬರುವುದು ಹೇಗೆಂದು ನಮ್ಮ ವಂಶದಲ್ಲಿ ಯಾರೂ ಕಲಿಸಿರಲಿಲ್ಲ.

ಒಳಗೆ ತಟ್ಟೆ ಇಟ್ಟ ಸದ್ದು. ಆಮೇಲೆ ಸದ್ದೇ ಇಲ್ಲ. ನಮ್ಮಲ್ಲಿ ಮನೆಯ ಯಜಮಾನ ಪ್ರಾರ್ಥಿಸದೆ ಯಾರೂ ಊಟಕ್ಕೆ ಕೈಹಾಕುವುದಿಲ್ಲ. ತಾತ, ಅಪ್ಪ ತಮ್ಮ ಊಟವನ್ನಷ್ಟೇ ಬಿಟ್ಟಿದ್ದರು. ನಾನು ಇಡೀ ಸಭೆಯನ್ನು ಉಪವಾಸ ಕೆಡವಿದ್ದೆ. ಪದವೀಧರ ನೋಡಿ.

"ರೀ, ಬನ್ನಿ, ಸಾರು ಆರ್ತಿದೆ," ಎಂದಳು ಸುಗುಣ. ನಾನು ರಸ್ತೆ ನೋಡಿದೆ.

"ಬಿಡಿ. ಕೃಪಾ, ನೀನೇ ಪ್ರಾರ್ಥನೆ ಮಾಡಮ್ಮ," ಎನ್ನುತ್ತ ಅವಳು ಒಳಗೆ ಹೋದಳು.

ಮಗಳ ದನಿ ಕೇಳಿಸಿತು. "ಯೇಸಪ್ಪಾ, ಈ ಖಾನಾಗೆ ಥ್ಯಾಂಕ್ಯೂ. ಪಪ್ಪ ಗುಸ್ಸಾದಲ್ಲಿದ್ದಾರೆ. ಅವರನ್ನ ಒಳಗೆ ಕಳ್ಸು. ಆಗ ನಾನೂ ಬೆಂಡೆಕಾಯಿ ತಿಂತೀನಿ, ಪಕ್ಕಾ. ಆಮೆನ್."

"ಆಮೆನ್," ಎಂದರು ಎಲ್ಲರೂ. ಬಾಲ್ಕನಿಯಿಂದಲೂ ಒಂದು ಆಮೆನ್ ಹೊರಟಿತು. ಹುಟ್ಟಿನಿಂದ ಬಂದ ಅಭ್ಯಾಸ. ಬಾಯಿ ನನ್ನನ್ನು ಕೇಳಲಿಲ್ಲ.

ಹಾಗೇ ಆಗಲಿ ಎಂದು ಆಮೆನ್ ಅಂದಮೇಲೆ ಬೇರೆ ದಾರಿಯಿಲ್ಲ. ಒಳಗೆ ಹೋಗಿ ಮಗಳ ಪಕ್ಕ ಕೂತೆ. ನಮ್ಮ ವಂಶದಲ್ಲಿ ಎದ್ದುಹೋದವನು ಊಟಕ್ಕೆ ವಾಪಸ್ ಬಂದದ್ದು ಅದೇ ಮೊದಲು. ದೊಡ್ಡ ಸಾಕ್ಷಿ. ಹೇಳೋಣವೆಂದು ಗಂಟಲು ಸರಿಮಾಡಿಕೊಂಡೆ.

"ಪಪ್ಪಾ, ಪೆಹಲೇ ಖಾ ಲೋ," ಎಂದಳು ಕೃಪಾ. ಮೊದಲು ಊಟ ಮಾಡಿ ಅಂತ.

ಸುಗುಣ ನಮ್ಮಿಬ್ಬರಿಗೂ ಮೊದಲು ಬೆಂಡೆಕಾಯಿ ಪಲ್ಯ ಬಡಿಸಿದಳು. ನನ್ನ ಕೈ ತಟ್ಟೆಯ ಅಂಚಿಗೆ ಹೋಯಿತು. ಮಗಳು ಅದನ್ನೇ ನೋಡುತ್ತಿದ್ದಳು.

ತಿಂದೆ. ಬೆಂಡೆಕಾಯಿ ನನಗೂ ಆಗುವುದಿಲ್ಲ.